ಖಾಲಿ ಉಳಿದ ಸಾಲು

ಅಫಜಲಪುರದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಒಮ್ಮೆ ವಯಸ್ಸಾದ ರೈತರೊಬ್ಬರು ನನ್ನ ಪಕ್ಕ ಕೂತಿದ್ದರು. ತೊಡೆಯ ಮೇಲೆ ಬಟ್ಟೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲ. ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿತ್ತು. ಬಸ್ಸು ಹಂಪು ಹಾರಿದಾಗಲೆಲ್ಲ ಅವರ ಎರಡೂ ಕೈ ಆ ಚೀಲವನ್ನು ಅವುಚಿಕೊಳ್ಳುತ್ತಿದ್ದವು. ಚೀಲದೊಳಗೆ ಇದ್ದದ್ದು ಮಗನ ಕೇಸಿನ ಕಾಗದ. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಬಿಡಲು ಹೋದ ಮಗ ಬೆಳಿಗ್ಗೆ ಬದುವಿನ ಮೇಲೆ ಹೆಣವಾಗಿ ಸಿಕ್ಕಿದ್ದ. ಪಂಚನಾಮೆ ಆಯಿತು, ಪೋಸ್ಟ್‌ಮಾರ್ಟಂ ಆಯಿತು, ಊರಿನ ಹತ್ತಾರು ಜನರ ಹೇಳಿಕೆ ಬರೆದುಕೊಂಡು ಹೋದರು. ಆಮೇಲೆ ಏನೂ ಆಗಲಿಲ್ಲ. ಮುತ್ಯಾ ಇದನ್ನೆಲ್ಲ ದನಿ ಏರಿಸದೆ, ಯಾರನ್ನೂ ಬೈಯದೆ ಹೇಳಿದರು. ಕೊನೆಗೆ ಅವರಾಡಿದ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ: "ಅವ್ನಿಗಿ ಗಲ್ಲಿಗಿ ಹಾಕ್ರಿ ಅಂತ ನಾ ಕೇಳಲ್ಲ ತಮ್ಮಾ. ಯಾರ್ ಹೊಡ್ದ್ರು, ಯಾಕ ಹೊಡ್ದ್ರು, ಇಷ್ಟು ಬರ್ದು ಕೊಡ್ರಿ ಅಂತೀನಿ."

ಬರೆದು ಕೊಡಿ ಅಂದರು. ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಬರೆದಿಟ್ಟದ್ದನ್ನು ಓದುವುದರಲ್ಲೇ ಆಯುಷ್ಯ ಕಳೆದ ಇನ್ನೊಬ್ಬರು, ಎಂ.ಎಂ. ಕಲಬುರ್ಗಿ.

ಅಡ್ಡಹೆಸರಿನಲ್ಲೇ ನಮ್ಮ ಊರನ್ನು ಹೊತ್ತಿದ್ದ ಅವರ ಸ್ವಂತ ಊರು ಸಿಂದಗಿ ತಾಲ್ಲೂಕಿನ ಯರಗಲ್ಲ. ಹುಟ್ಟಿದ್ದು ಅದೇ ತಾಲ್ಲೂಕಿನ ಗುಬ್ಬೇವಾಡದಲ್ಲಿ, 1938ರ ನವೆಂಬರ್ 28ರಂದು. ಕಲಬುರಗಿಯಿಂದ ಹೊರಟು ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ದಾಟಿ, ಜೇವರ್ಗಿ ಹಿಂದೆ ಬಿಟ್ಟು ಮೊರಟಗಿ ಮೇಲಿಂದ ಹೋದರೆ ಸಿಂದಗಿ ಸೀಮೆ ಬರುತ್ತದೆ. ನಕಾಶೆಯಲ್ಲಿ ಜಿಲ್ಲೆ ಬದಲಾದರೂ ನೆಲ ಬದಲಾಗುವುದಿಲ್ಲ. ಅದೇ ಎರೆಭೂಮಿ, ಅದೇ ತೊಗರಿ, ಅದೇ ಜೋಳ, ಹಣಮಪ್ಪನ ಗುಡಿಯ ಪಕ್ಕ ಅದೇ ಬಗೆಯ ಅರ್ಧ ಹೂತ ವೀರಗಲ್ಲು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಹಳ್ಳಿಯ ಹಾದಿ ತುಳಿದವರು ಇಂಥ ಕಲ್ಲುಗಳನ್ನು ಕಂಡೇ ಇರುತ್ತಾರೆ. ಸುಣ್ಣ ಬಳಿದು, ಎಣ್ಣೆ ಸುರಿದು ಅದನ್ನೇ ದೇವರು ಮಾಡಿಕೊಂಡ ಊರುಗಳೂ ಇವೆ.

ವೀರಗಲ್ಲು ಅಂದರೆ ಏನು? ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಬರಹವಿದ್ದರೆ ಯಾವ ರಾಜನ ಆಳ್ವಿಕೆ, ಯಾವ ವರ್ಷ, ಯಾವ ಊರಿನ ದನ ಬಿಡಿಸಲು ಹೋಗಿ ಯಾರು ಸತ್ತ, ಕಲ್ಲು ನಿಲ್ಲಿಸಿದವರು ಯಾರು ಎಂಬುದು ಸಿಗುತ್ತದೆ. ಎಷ್ಟೋ ಸಲ ನಿಲ್ಲಿಸಿದವರು ಹೆಂಡತಿ, ಮಗ, ತಮ್ಮ. ಕೊಲೆಯಾದ ಮನೆಯವರು ಊರ ಮುಂದೆ ಇಟ್ಟ ಸಾಕ್ಷಿ ಅದು ಎಂದು ನಾನು ತಿಳಿದಿದ್ದೇನೆ. ಸತ್ತವನಿಗೆ ಹೆಸರಿತ್ತು, ಅವನ ಸಾವಿಗೆ ಕಾರಣವಿತ್ತು ಎಂದು ಮಳೆಗಾಳಿಗೆ ಅಳಿಯದಂತೆ ಕೊರೆಸಿಟ್ಟ ಹೇಳಿಕೆ. ಕಲಬುರ್ಗಿಯವರು ಈ ಕಲ್ಲುಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದರು: 'ಸಮಾಧಿ ಬಲಿದಾನ ವೀರಮರಣ ಸ್ಮಾರಕಗಳು'. ಸಾವನ್ನು ಬರೆದಿಡುವ ಬಗೆಗಳನ್ನೆಲ್ಲ ಲೆಕ್ಕ ಹಾಕಿದ್ದವರ ಸಾವನ್ನು ಬರೆದಿಡಲು ನಮ್ಮ ಕಾಲಕ್ಕೆ ಇಷ್ಟು ವರ್ಷ ಬೇಕಾಯಿತು. ಇನ್ನೂ ಅದು ಪೂರ್ತಿಯಾಗಿಲ್ಲ.

2015ರ ಆಗಸ್ಟ್ 30, ರವಿವಾರ. ಧಾರವಾಡದ ಕಲ್ಯಾಣನಗರದ ಮನೆ. ಬೆಳಗಿನ ಹೊತ್ತು ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಬಾಗಿಲಿಗೆ ಬಂದ. ಬಾಗಿಲು ತೆರೆದದ್ದು ಹೆಂಡತಿ ಉಮಾದೇವಿ. ಬಂದವನು ನೋಡಲು ಶಿಷ್ಯನಂತಿದ್ದ. ಧಾರವಾಡದಲ್ಲಿ ಮೇಷ್ಟ್ರ ಮನೆಗೆ ಹುಡುಗರು ಹೇಳದೆ ಕೇಳದೆ ಬರುವುದು ವಿಶೇಷವೇನಲ್ಲ. ಹಸ್ತಪ್ರತಿಯ ಸಂಶಯ ಹಿಡಿದು, ಪಿಎಚ್.ಡಿ. ಅಧ್ಯಾಯ ಹಿಡಿದು, ಬರೀ ಮಾತಾಡಿಸಿ ಹೋಗಲಿಕ್ಕೆಂದು ಬರುತ್ತಾರೆ. ಆ ಬಾಗಿಲು ಹಾಗೆ ತೆರೆದುಕೊಂಡೇ ಇದ್ದುದರಿಂದ ನಾಡಿನ ಎಷ್ಟೋ ಹಳ್ಳಿಯ ಹುಡುಗರು ಸಂಶೋಧಕರಾದರು. ಅಂದು ಆ ಬಾಗಿಲಲ್ಲೇ ಗುಂಡು ಹಾರಿತು. ಕಲಬುರ್ಗಿಯವರಿಗೆ ಆಗ 76 ವರ್ಷ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, 'ಮಾರ್ಗ-4'ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಸಮಗ್ರ ವಚನ ಸಂಪುಟಗಳ 15 ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿದ ಸಂಪಾದಕರು. ಇಂಥವರನ್ನು ಕೊಂದವರು ಯಾರೆಂದು ಮರುದಿನ ತಿಳಿಯಲಿಲ್ಲ. ಮರು ವರ್ಷವೂ ತಿಳಿಯಲಿಲ್ಲ. ಅದರ ಮರು ವರ್ಷವೂ ಇಲ್ಲ.

ಆ ವರ್ಷಗಳಲ್ಲಿ ಒಂದು ಮನೆ ಹೇಗೆ ಬದುಕುತ್ತದೆ ಎಂಬುದನ್ನು ನಾನು ಹೆಚ್ಚು ಯೋಚಿಸಿದ್ದೇನೆ. ಯಾರಾದರೂ ಸತ್ತಾಗ ಅತ್ತು, ಮಣ್ಣು ಮಾಡಿ, ಬಂಧುಗಳನ್ನು ಕರೆದು ಉಣ್ಣಿಸಿ, ವರ್ಷಕ್ಕೊಮ್ಮೆ ನೆನೆಯುವ ದಾರಿಯನ್ನು ಹಿರಿಯರು ಹಾಕಿಕೊಟ್ಟಿದ್ದಾರೆ. ಆ ದಾರಿಯ ಕೆಲಸವೇ ದುಃಖವನ್ನು ಸವೆಸುವುದು. ದಿನ ಕಳೆದ ಹಾಗೆ ಸತ್ತವರ ಕೊನೆಯ ಗಳಿಗೆ ಹಿಂದೆ ಸರಿದು, ಅವರು ನಕ್ಕದ್ದು, ಉಂಡದ್ದು, ಸಿಟ್ಟಾದದ್ದು ಮುಂದೆ ಬರುತ್ತದೆ. ಕೊಲೆಯಾದ ಮನೆಗೆ ಈ ಸೌಕರ್ಯವಿಲ್ಲ. ಅಲ್ಲಿ ಕಾನೂನು ಕೇಳುವುದು ಆ ಕೊನೆಯ ಗಳಿಗೆಯನ್ನೇ. ಅಂಗಿ ಯಾವ ಬಣ್ಣ, ಎತ್ತರ ಎಷ್ಟು, ಮುಖ ಹೇಗಿತ್ತು, ಮೊದಲು ಏನು ಮಾತಾಡಿದ. ಒಬ್ಬ ಹೆಣ್ಣುಮಗಳು ತನ್ನ ಬಾಳಿನಲ್ಲೇ ಅತಿ ಘೋರವಾದ ಒಂದು ನಿಮಿಷವನ್ನು ಮಾಸದಂತೆ, ಒಂದಕ್ಷರ ಹೆಚ್ಚು ಕಡಿಮೆಯಾಗದಂತೆ ಕಾಪಾಡಿಕೊಂಡು ಕೂರಬೇಕು. ಮರೆತರೆ ಬದುಕು ಹಗುರಾದೀತು, ಆದರೆ ಕೇಸು ಬೀಳುತ್ತದೆ. ನೆನಪಿಟ್ಟರೆ ಕೇಸು ನಿಂತೀತು, ಅವರು ಮಾತ್ರ ದಿನಾ ಆ ಬಾಗಿಲು ತೆರೆಯುತ್ತಲೇ ಇರಬೇಕು.

ಉಮಾದೇವಿ ನೆನಪಿಟ್ಟುಕೊಳ್ಳುವುದನ್ನು ಆರಿಸಿಕೊಂಡರು. ಮನೆಯ ಒಳಗೇ ಉಳಿದಿದ್ದ ತಾಯಿ ಸುಪ್ರೀಂ ಕೋರ್ಟಿಗೆ ಹೋದರು. ಮಹಾರಾಷ್ಟ್ರದ ಚಿಂತಕರಾದ ನರೇಂದ್ರ ದಾಭೋಲ್ಕರ್, ಗೋವಿಂದ ಪಾನ್ಸರೆ ಅವರ ಕೊಲೆಗಳಿಗೂ ತನ್ನ ಗಂಡನ ಕೊಲೆಗೂ ಸಂಬಂಧವಿರುವಂತಿದೆ, ಪಕ್ಷಪಾತವಿಲ್ಲದ ತನಿಖೆ ಆಗಲಿ ಎಂಬುದು ಅವರ ಅರ್ಜಿ. 2018ರ ಜನವರಿಯಲ್ಲಿ ನೋಟಿಸು ಹೊರಟಿತು. 2019ರ ಫೆಬ್ರುವರಿ 26ರಂದು ಸುಪ್ರೀಂ ಕೋರ್ಟ್ ಈ ಪ್ರಕರಣವನ್ನು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸಿದ್ದ ವಿಶೇಷ ತಂಡಕ್ಕೇ ಒಪ್ಪಿಸಿ, ಮೇಲ್ವಿಚಾರಣೆಯನ್ನು ಹೈಕೋರ್ಟಿನ ಧಾರವಾಡ ಪೀಠಕ್ಕೆ ಕೊಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಆರು ಜನರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆ ವರ್ಷವೇ ಗುರುತು ಹಿಡಿಯುವ ಪೆರೇಡಿನಲ್ಲಿ ಉಮಾದೇವಿ ಒಬ್ಬನನ್ನು ಗುರುತಿಸಿದರೆಂದು ಪತ್ರಿಕೆಗಳು ಬರೆದವು. ಅಷ್ಟು ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಆ ಸಾಲಿನ ಮುಂದೆ ನಿಲ್ಲಲು ಎಷ್ಟು ಎದೆ ಬೇಕು ಎಂದು ನಾನು ಅಂದಾಜು ಮಾಡಲಾರೆ. ಆರು ಜನರ ಮೇಲಿರುವುದು ಆರೋಪ. ಅದನ್ನು ನಿಜವೆಂದೋ ಸುಳ್ಳೆಂದೋ ಹೇಳಬೇಕಾದ್ದು ನ್ಯಾಯಾಲಯ. ಇದನ್ನು ಮರೆಯಬಾರದು. ಸಾಕ್ಷ್ಯವಿಲ್ಲದೆ ತೀರ್ಮಾನ ಹೇಳಿದರೆ ಕಲಬುರ್ಗಿಯವರ ವಿದ್ಯೆಗೇ ಮಾಡಿದ ಅಪಚಾರವಾಗುತ್ತದೆ.

ಆ ವಿದ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗ್ರಂಥ ಸಂಪಾದನೆ ಎಂದರೆ ಒಂದೇ ಕಾವ್ಯದ ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಯಾವ ಲಿಪಿಕಾರ ಎಲ್ಲಿ ತಪ್ಪಿದ, ಎಲ್ಲಿ ಬೇಕೆಂದೇ ತಿದ್ದಿದ, ಹುಳ ತಿಂದ ಜಾಗದಲ್ಲಿ ಏನಿದ್ದಿರಬಹುದು ಎಂದು ಅಕ್ಷರ ಅಕ್ಷರ ತಾಳೆ ನೋಡುವುದು. ತಾಳೆಯಾಗದಿದ್ದರೆ ಜಾಗ ಖಾಲಿ ಬಿಡಬೇಕೇ ಹೊರತು ತೋಚಿದ್ದನ್ನು ತುಂಬಬಾರದು. ಒಳ್ಳೆಯ ತನಿಖಾಧಿಕಾರಿಯ ಕೆಲಸವೂ ಇದೇ ಅಲ್ಲವೆ? ಕಲಬುರ್ಗಿಯವರಿಗೆ ಈ ನಿಷ್ಠೆ ಸುಲಭಕ್ಕೆ ದಕ್ಕಿದ್ದಲ್ಲ. 'ಮಾರ್ಗ'ದ ಮೊದಲ ಸಂಪುಟದ ಬರಹಗಳಿಗಾಗಿ 1989ರಲ್ಲಿ ಒತ್ತಡ ಬಂದು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮನೆಮಂದಿಯ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಆದರೆ ಅಂದು ಬುದ್ಧಿಯ ಮಟ್ಟಿಗೆ ತಾನು ಸತ್ತೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ಒಬ್ಬ ಮನುಷ್ಯ ಎರಡು ಸಲ ಸಾಯಬೇಕಾಗಿ ಬಂದದ್ದು ನಮ್ಮ ನಾಡಿನಲ್ಲಿ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಮಗನಿಗೆ ಅವರು ಇಟ್ಟ ಹೆಸರು ಶ್ರೀವಿಜಯ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ 'ಕವಿರಾಜಮಾರ್ಗ' ಬರೆದವನೆಂದು ವಿದ್ವಾಂಸರು ಹೇಳುವವನ ಹೆಸರು; ಆ ಕರ್ತೃ ಯಾರೆಂಬುದು ಬಹುಕಾಲದ ಚರ್ಚೆ. ಅದೇ ಗ್ರಂಥದ ಪರಿಸರದ ಮೇಲೆ ಕಲಬುರ್ಗಿಯವರ ಡಾಕ್ಟರೇಟ್ ಪ್ರಬಂಧ. ಅವರ ಸಂಪುಟಗಳ ಹೆಸರಲ್ಲೂ 'ಮಾರ್ಗ'ವೇ. ಸಾವಿರ ವರ್ಷದ ಹಿಂದಿನ ಕರ್ತೃ ಯಾರೆಂಬ ಪ್ರಶ್ನೆಯನ್ನು ಮನೆಯ ಮಗುವಿನ ಹೆಸರಾಗಿ ಕೂಗುತ್ತಿದ್ದ ಕುಟುಂಬ ಅದು. ಕೃತಿ ಇದೆ, ಕರ್ತೃ ಯಾರು? ಆ ಪ್ರಶ್ನೆ ಮುಂದೆ ಆ ಮನೆಯ ಬಾಗಿಲಿಗೇ ಇಷ್ಟು ಕ್ರೂರವಾದ ಅರ್ಥದಲ್ಲಿ ಬಂದು ನಿಲ್ಲುತ್ತದೆಂದು ಯಾರು ಎಣಿಸಿದ್ದರು?

ಉತ್ತರ ಸಿಗದ ಕೊಲೆ ಸುಮ್ಮನೆ ಕೂರುವುದಿಲ್ಲ, ಸುತ್ತಲಿನವರ ಮೇಲೆ ಸಂಶಯವಾಗಿ ಹಬ್ಬುತ್ತದೆ. ಧಾರವಾಡದ ತನಿಖೆಯ ಮೊದಲ ದಿನಗಳಲ್ಲಿ ಆಸ್ತಿ ಜಗಳವೇ, ಲಿಂಗಾಯತರ ಒಳಜಗಳವೇ ಎಂಬ ಮಾತುಗಳೂ ಓಡಾಡಿದವು. ತಂದೆಯನ್ನು ಕಳೆದುಕೊಂಡ ಮಕ್ಕಳು ಪತ್ರಿಕೆಗಳಲ್ಲಿ ಅವನ್ನೂ ಓದಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಇದು ಇನ್ನೊಂದು ಬಗೆಯಲ್ಲಿ ನಡೆಯುತ್ತದೆ. ಠಾಣೆಯಿಂದ ಸುದ್ದಿ ಬರುವುದು ನಿಂತ ಮೇಲೆ ಮನೆಯವರು ದೇವರ ಹೇಳಿಕೆ ಕೇಳಲು ಹೊರಡುತ್ತಾರೆ. ಗಾಣಗಾಪುರಕ್ಕೆ ಹೋಗಿ ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗಿ ಏಳುತ್ತಾರೆ. ಆಳಂದದ ಲಾಡ್ಲೆ ಮಶಾಕ ದರ್ಗಾದಲ್ಲಿ ಹರಕೆ ಹೊರುತ್ತಾರೆ. ದುಃಖದಲ್ಲಿ ದೇವರ ಕಡೆ ಹೊರಳುವುದರಲ್ಲಿ ತಪ್ಪೇನಿಲ್ಲ. ನಾನೂ ಹೊರಳಿದ್ದೇನೆ. ಆದರೆ ದಾರಿಯಲ್ಲಿ ಎಲ್ಲೋ ಒಬ್ಬ ಮೈಮೇಲೆ ಬಂದವನು "ಕೊಂದವ ದೂರದವನಲ್ಲ, ನಿಮ್ಮ ಮನೆಯ ಮೂಡಣದಲ್ಲಿದ್ದಾನೆ" ಎಂದುಬಿಡುತ್ತಾನೆ. ಮೂಡಣದಲ್ಲಿ ಯಾರದೋ ಮನೆ ಇದ್ದೇ ಇರುತ್ತದೆ. ಅಂದಿನಿಂದ ಆ ಎರಡು ಮನೆಗಳ ನಡುವೆ ಬೆಂಕಿ ಕೇಳುವುದು, ಮಜ್ಜಿಗೆ ಕೊಡುವುದು ನಿಲ್ಲುತ್ತದೆ. ನಿಜವಾದ ಕೊಲೆಗಾರ ಸಿಗದೇ ಇರುವುದಕ್ಕೆ ನಿರಪರಾಧಿಗಳು ತೆರುವ ಈ ದಂಡವನ್ನು ಯಾವ ಕಡತವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಕ್ಷ್ಯ ಸಿಗುವ ಜಾಗ ಮಾತ್ರ ವಿಚಿತ್ರ. ಆಳಂದವನ್ನೇ ನೋಡಿ. ಹನ್ನೆರಡನೆಯ ಶತಮಾನದ ಏಕಾಂತದ ರಾಮಯ್ಯ ಈ ಊರಿನಲ್ಲಿ, ಅಂದಿನ ಆಲಂದೆಯಲ್ಲಿ, ಹುಟ್ಟಿದವನು. ಹಾಗೆಂದು ಹೇಳುವ ಕಲ್ಲು ಇರುವುದು ಎಲ್ಲೋ ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಇಲ್ಲಿಯ ಮನುಷ್ಯನ ಗುರುತು ಅಲ್ಲಿಯ ಗುಡಿಯಲ್ಲಿ ಶತಮಾನಗಟ್ಟಲೆ ಕಾಯುತ್ತ ನಿಂತಿತ್ತು. ಓದುವವರು ಬಂದ ದಿನ ಮಾತಾಡಿತು. ಭೀಮೆಯ ದಂಡೆಯ ಸನ್ನತಿಯಲ್ಲಿ ಆದದ್ದು ಇನ್ನೂ ಸೋಜಿಗ. 1986ರಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಕಲ್ಲು ಅಶೋಕನ ಶಾಸನ ಎಂದು ಗೊತ್ತಾಯಿತು. ಅಷ್ಟು ಕಾಲ ಪೂಜೆ ಮಾಡಿದವರ ಕಣ್ಣೆದುರಿಗೇ ಇತ್ತು ಅದು.

ಕಲಬುರ್ಗಿಯವರ ಪ್ರಕರಣದಲ್ಲೂ ಧಾರವಾಡದ ಬಾಗಿಲು ಹೇಳದ ಮಾತನ್ನು ಹೇಳಿದ್ದು ಬೆಂಗಳೂರಿನ ಇನ್ನೊಂದು ಬಾಗಿಲು. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಪಿಸ್ತೂಲಿನ ಸೂಜಿ ಕಾಡತೂಸಿನ ಹಿಂಬದಿಗೆ ಬಡಿದಾಗ ಒಂದು ಗುರುತು ಮೂಡುತ್ತದೆ, ನಳಿಗೆಯೊಳಗೆ ಉಜ್ಜಿಕೊಂಡು ಹೋದ ಗುಂಡಿನ ಮೇಲೆ ಗೀರು ಬೀಳುತ್ತದೆ. ಒಬ್ಬೊಬ್ಬ ಲಿಪಿಕಾರನ ಕೈಬರಹ ಬೇರೆಯಾಗುವ ಹಾಗೆ ಒಂದೊಂದು ಪಿಸ್ತೂಲಿನ ಗುರುತೂ ಬೇರೆ. ಪ್ರಯೋಗಾಲಯದಲ್ಲಿ ಎರಡೂ ಊರಿನ ಕಾಡತೂಸುಗಳನ್ನು ಪಕ್ಕ ಪಕ್ಕ ಇಟ್ಟು ತಾಳೆ ನೋಡಿದರು. ಎರಡೂ ಕಡೆ ಬಳಸಿದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂಬುದು ತನಿಖೆಯ ತೀರ್ಮಾನ. ಈ ಸುದ್ದಿ ಓದಿದ ದಿನ ನನ್ನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೊದಲ ಬಾಗಿಲಲ್ಲೇ ಉತ್ತರ ಸಿಕ್ಕಿದ್ದರೆ ಎರಡನೆಯ ಬಾಗಿಲು ಉಳಿಯುತ್ತಿತ್ತೇ ಎಂಬ ಪ್ರಶ್ನೆ ಎದ್ದು ಕೂತಿತು. ಪುಣೆಯಲ್ಲಿ ದಾಭೋಲ್ಕರ್ ಬಿದ್ದದ್ದು 2013ರ ಆಗಸ್ಟ್ 20ರಂದು. ಆ ಕೊಲೆಗೆ ಉತ್ತರ ಬೇಗ ಸಿಕ್ಕಿದ್ದರೆ? ಬಗೆಹರಿಯದ ಕೊಲೆ ಹಿಂದಿನದಷ್ಟೇ ಅಲ್ಲ, ಮುಂದಿನದೂ ಹೌದು.

ದಾಭೋಲ್ಕರ್ ಮಕ್ಕಳಾದ ಹಮೀದ್ ಮತ್ತು ಮುಕ್ತಾ, ಜೊತೆಗೆ ಅವರ ಸಂಘಟನೆಯವರು, ತಂದೆ ಬಿದ್ದ ಸೇತುವೆಯ ಮೇಲೆ ಪ್ರತಿ ತಿಂಗಳ 20ಕ್ಕೆ ಹೋಗಿ ನಿಲ್ಲುತ್ತಿದ್ದರು. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಬಿಡುಗಡೆ ಮಾಡಿತು. ಹತ್ತು ವರ್ಷ ಎಂಟು ತಿಂಗಳು. ಗುಂಡು ಹಾರಿಸಿದವರ ಹೆಸರು ಬರೆದಾಯಿತು, ಅವರ ಹಿಂದೆ ನಿಂತವರ ಸಾಲು ಖಾಲಿ ಉಳಿಯಿತು ಎಂಬ ಕೊರಗು ಆ ಮನೆಯಲ್ಲಿದೆ.

ಅಷ್ಟೂ ಸಿಗದವರಿದ್ದಾರೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಸುಟ್ಟದ್ದು ನಿಜ, ಸುಟ್ಟವರು ಮಾತ್ರ ಯಾರೂ ಅಲ್ಲ. ಸಾಕ್ಷಿ ಹೇಳಬೇಕಾದವರು ಅದೇ ಊರಿನಲ್ಲಿ, ಅದೇ ಹೊಲಗಳಲ್ಲಿ ಕೂಲಿಗೆ ಹೋಗಿ ಬದುಕಬೇಕು ಎಂಬುದನ್ನು ಬಲ್ಲವರಿಗೆ ಅವರು ಏಕೆ ತಿರುಗಿದರೆಂದು ವಿವರಿಸಬೇಕಾಗಿಲ್ಲ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಧಾರವಾಡದ ಮನೆಗೆ ಓದುಬಲ್ಲ ಬಳಗವಿತ್ತು, ಪತ್ರಿಕೆಗಳಿದ್ದವು, ಪ್ರಶಸ್ತಿ ಮರಳಿಸಿ ಪ್ರತಿಭಟಿಸಿದ ಲೇಖಕರಿದ್ದರು. ಇಷ್ಟೆಲ್ಲ ಇದ್ದೂ ದೋಷಾರೋಪ ಪಟ್ಟಿಗೆ ನಾಲ್ಕು ವರ್ಷ ಹಿಡಿಯಿತು. ಬಸ್ಸಿನ ಮುತ್ಯಾನಿಗೆ ಇದ್ದದ್ದು ಒಂದು ಪ್ಲಾಸ್ಟಿಕ್ ಚೀಲ.

ಆ ಚೀಲದೊಳಗಿನ ಹೊಸ ಕಾಗದವೊಂದನ್ನು ಓದಿಸಿಕೊಳ್ಳಲು ಅವರು ಅಂದು ವಕೀಲರ ಹತ್ತಿರ ಹೊರಟಿದ್ದರು. ನಾನೇ ಓದಿದೆ. ನಮ್ಮ ರಾಜ್ಯದ ಪೊಲೀಸರಲ್ಲಿ 'ಸಿ ರಿಪೋರ್ಟ್' ಎಂಬುದೊಂದಿದೆ. ದೂರು ಸುಳ್ಳು ಎಂದು ಹೇಳುವುದಕ್ಕೆ, ಇಲ್ಲವೆ ಅಪರಾಧವೇ ನಡೆದಿಲ್ಲ ಎನ್ನುವುದಕ್ಕೆ 'ಬಿ ರಿಪೋರ್ಟ್'. ಅಪರಾಧ ನಡೆದದ್ದು ಹೌದು, ಮಾಡಿದವರು ಪತ್ತೆಯಾಗಲಿಲ್ಲ ಎಂದಾಗ 'ಸಿ'. ಕೋರ್ಟು ಅದನ್ನು ಒಪ್ಪುವ ಮೊದಲು ಫಿರ್ಯಾದಿಗೆ ನೋಟಿಸು ಕೊಟ್ಟು ತಕರಾರು ಇದೆಯೇ ಎಂದು ಕೇಳಬೇಕು. ಇವರಿಗೆ ಬಂದದ್ದು ಆ ನೋಟಿಸು. ತಕರಾರು ಅರ್ಜಿ ಹಾಕಬಹುದು, ಮುಂದಿನ ತನಿಖೆಗೆ ಕೇಳಬಹುದು ಎಂದೆ. ಕೊಲೆಯ ಕೇಸಿಗೆ ಕಾಲಮಿತಿ ಇಲ್ಲ, ಹೊಸ ಸಾಕ್ಷ್ಯ ಸಿಕ್ಕರೆ ಇಪ್ಪತ್ತು ವರ್ಷದ ಮೇಲೂ ಕಡತ ತೆರೆಯುತ್ತದೆ ಎಂದೆ. ಬಾಗಲಕೋಟೆ ಕಡೆಯ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ತಿಳಿಸಿದೆ: ಆರೋಪಿ ಬಿಡುಗಡೆಯಾದರೆ ನೊಂದವರೇ ಮೇಲ್ಮನವಿ ಹೋಗಬಹುದು, ಅದಕ್ಕೆ ಅನುಮತಿ ಬೇಡಬೇಕಿಲ್ಲ. ನಾನು ಹೇಳುತ್ತ ಹೋದ ಹಾಗೆ ಅವರು ತಲೆ ಆಡಿಸುತ್ತಿದ್ದರು. ಇಷ್ಟು ಹಕ್ಕುಗಳನ್ನು ಹಿಡಿಯಲು ಎಷ್ಟು ಬಸ್ ಚಾರ್ಜು, ಎಷ್ಟು ದಿನದ ಕೂಲಿ ಬಿಡಬೇಕು ಎಂಬ ಲೆಕ್ಕ ಅವರ ಕಣ್ಣಲ್ಲಿ ನಡೆದಿತ್ತು. ನನ್ನ ಮಾತು ತಾನಾಗಿಯೇ ನಿಂತಿತು.

ಚೌಡಾಪುರ ದಾಟಿತ್ತು. ಗಾಣಗಾಪುರದ ಕಡೆಯಿಂದ ಬಂದವರು ಹತ್ತಿ ಬಸ್ಸು ತುಂಬಿತ್ತು. ಅವರು ಮಡಿಕೆಯಲ್ಲಿ ಹರಿಯತೊಡಗಿದ್ದ ಇನ್ನೊಂದು ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು. ಎಫ್‌ಐಆರ್ ಪ್ರತಿ.

"ನನ್ ಮಗನ ಹೆಸ್ರು ಎಲ್ಲದ ತಮ್ಮಾ?"

ತೋರಿಸಿದೆ. ಅವರ ಬೆರಳು ಬಂದು ಆ ಸಾಲಿನ ಮೇಲೆ ಕೂತಿತು. ಉಗುರಿನ ಸಂದಿಯಲ್ಲಿ ಎರೆಮಣ್ಣು. ಅಕ್ಷರ ಬಾರದ ಬೆರಳು ಒಂದೊಂದೇ ಅಕ್ಷರದ ಮೇಲೆ, ಶಾಸನ ಓದುವವರು ಕಲ್ಲು ತಡವಿ ನೋಡುವ ಹಾಗೆ, ನಿಧಾನಕ್ಕೆ ಸರಿಯಿತು. ಹೆಸರು ಮುಗಿದ ಮೇಲೂ ಬೆರಳು ನಿಲ್ಲದೆ ಕೆಳಗಿನ ಸಾಲಿಗೆ ಇಳಿಯಿತು.

"ಇಲ್ಲಿ ಏನ್ ಬರ್ದಾರ?"

ಅದು ಆರೋಪಿಯ ಹೆಸರು ಬರೆಯುವ ಜಾಗ.

"ಅಪರಿಚಿತ ಅಂತ ಅದ, ಮುತ್ಯಾ."

"ಹಂಗಂದ್ರ?"

"ಗೊತ್ತಿಲ್ಲದವ್ರು ಅಂತ."

ಅವರು ಕಾಗದವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿದರು. ಚೀಲಕ್ಕೆ ಹಾಕಿ ರಬ್ಬರ್ ಬ್ಯಾಂಡ್ ಎರಡು ಸುತ್ತು ಬಿಗಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ನೋಟಿಸಿನಲ್ಲಿದ್ದ ತಾರೀಖು ಯಾವ ವಾರ ಬೀಳುತ್ತದೆ ನೋಡು ಎಂದರು. ನಾನು ಮೊಬೈಲು ತೆಗೆದು ನೋಡಿದೆ. ಗುರುವಾರ.